ಎಪ್ಪತ್ತೇಳನೇ ವಯಸ್ಸಿನಲ್ಲಿ ಬುಕರ್ ಪಟ್ಟಿಗೆ ಬಂದ ಮೋಲಿ ಕೀನ್ ಯಾರು?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಇಂಟರ್‌ನ್ಯಾಷನಲ್ ಬುಕರ್ ಬಂತು. ಆಮೇಲೆ ಬುಕರ್ ಅಂದ್ರೇನು, ಹಿಂದೆ ಯಾರಿಗೆಲ್ಲ ಬಂದಿತ್ತು ಅಂತ ಹಳೇ ಪಟ್ಟಿಗಳನ್ನು ತೆಗೆದು ನೋಡುವ ಆಸೆ ನಮ್ಮಲ್ಲಿ ಅನೇಕರಿಗೆ ಹುಟ್ಟಿದೆ. ಬುಕರ್ ಎರಡಿವೆ. ಬಾನು ಅವರಿಗೆ ಬಂದದ್ದು ಅನುವಾದಿತ ಕೃತಿಗೆ ಕೊಡುವ ಬಹುಮಾನ. ಇನ್ನೊಂದು, 1969ರಿಂದ ನಡೆದುಬಂದಿರುವ ಹಳೇ ಬುಕರ್, ನೇರವಾಗಿ ಇಂಗ್ಲಿಷಿನಲ್ಲಿ ಬರೆದ ಕಾದಂಬರಿಗೆ.

ಆ ಹಳೇ ಬುಕರ್‌ನ 1981ರ ಪಟ್ಟಿ ನಮಗೆ ಪರಿಚಯದ್ದೇ. ಸಲ್ಮಾನ್ ರಶ್ದಿಯವರ 'ಮಿಡ್‌ನೈಟ್ಸ್ ಚಿಲ್ಡ್ರನ್' ಗೆದ್ದ ವರ್ಷ ಅದು. ಅಂತಿಮ ಸುತ್ತಿನಲ್ಲಿ ಏಳು ಪುಸ್ತಕಗಳಿದ್ದವು. ಅದರಲ್ಲೊಂದು 'ಗುಡ್ ಬಿಹೇವಿಯರ್'. ಬರೆದವರು ಮೋಲಿ ಕೀನ್, ಐರ್ಲೆಂಡಿನ ಕಡಲತೀರದ ಒಂದು ಸಣ್ಣ ಊರಲ್ಲಿದ್ದ ಎಪ್ಪತ್ತೇಳು ವರ್ಷದ ಅಜ್ಜಿ. ಆ ಹೆಸರಿನಲ್ಲಿ ಅವರ ಮೊದಲ ಕಾದಂಬರಿ ಅದು. ಆದರೆ ಅದಕ್ಕೂ ಮೊದಲು ಹನ್ನೊಂದು ಕಾದಂಬರಿ ಬರೆದು ಮುಗಿಸಿದ್ದರು, ಬೇರೆ ಹೆಸರಲ್ಲಿ.

ಯಾಕೆ ಬೇರೆ ಹೆಸರು? ನಡುವೆ ಅಷ್ಟು ವರ್ಷ ಯಾಕೆ ಸುಮ್ಮನಿದ್ದರು? ಇದಕ್ಕೆ ಉತ್ತರ ಸಿಗಬೇಕಾದರೆ ಅವರು ಹುಟ್ಟಿದ ವರ್ಗ ಯಾವುದು ಅಂತ ಮೊದಲು ತಿಳಿಯಬೇಕು.

ಆಂಗ್ಲೋ-ಐರಿಷ್ ಅಂದ್ರೆ ಯಾರು?

ಐರ್ಲೆಂಡಿನ ಬಹುಪಾಲು ಜನ ಕ್ಯಾಥೊಲಿಕರು. 16 ಮತ್ತು 17ನೇ ಶತಮಾನಗಳಲ್ಲಿ ಇಂಗ್ಲೆಂಡ್ ಆ ದೇಶವನ್ನು ಹಂತ ಹಂತವಾಗಿ ಹಿಡಿತಕ್ಕೆ ತೆಗೆದುಕೊಂಡಿತು. ಕ್ಯಾಥೊಲಿಕರ ಜಮೀನು ಕಿತ್ತುಕೊಂಡು ಇಂಗ್ಲೆಂಡಿನಿಂದ ಬಂದ ಪ್ರೊಟೆಸ್ಟೆಂಟರಿಗೆ, ಸೈನಿಕರಿಗೆ, ಸಾಲ ಕೊಟ್ಟವರಿಗೆ ಹಂಚಿದರು. 1649ರಲ್ಲಿ ಕ್ರಾಮ್‌ವೆಲ್ ದಂಡೆತ್ತಿ ಬಂದ ಮೇಲಂತೂ ಇದು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಆಮೇಲೆ ಬಂದ ಕಾನೂನುಗಳು ಕ್ಯಾಥೊಲಿಕರು ಜಮೀನು ಕೊಳ್ಳುವುದನ್ನು, ಸರ್ಕಾರಿ ಹುದ್ದೆಗೆ ಹೋಗುವುದನ್ನು, ಮುಂದೆ ಮತ ಹಾಕುವುದನ್ನೂ ತಡೆದವು.

ಹೀಗೆ ಬಂದು ನೆಲೆಸಿದ ಜಮೀನುದಾರರ ಮಕ್ಕಳು ಮೊಮ್ಮಕ್ಕಳೇ ಆಂಗ್ಲೋ-ಐರಿಷ್. ತಲೆಮಾರುಗಟ್ಟಲೆ ಐರ್ಲೆಂಡಿನಲ್ಲೇ ಹುಟ್ಟಿ, ಅಲ್ಲೇ ಬಾಳಿ, ಅಲ್ಲೇ ಮಣ್ಣಾದವರು. ಆದರೆ ಧರ್ಮ ಬೇರೆ, ಮಾತಿನ ಧಾಟಿ ಬೇರೆ. ಗಂಡುಮಕ್ಕಳು ಓದೋಕೆ ಇಂಗ್ಲೆಂಡಿಗೆ, ಕೆಲಸಕ್ಕೆ ಬ್ರಿಟಿಷ್ ಸೈನ್ಯಕ್ಕೆ. ಇಂಗ್ಲೆಂಡಿಗೆ ಹೋದರೆ ಇವರನ್ನು ಐರಿಷರು ಅನ್ನುತ್ತಿದ್ದರು, ಐರ್ಲೆಂಡಿನಲ್ಲಿ ಇಂಗ್ಲಿಷರು ಅನ್ನುತ್ತಿದ್ದರು. ಎಲ್ಲರಿಗೂ ಲಾರ್ಡ್ ಅನ್ನೋ ಬಿರುದೇನೂ ಇರಲಿಲ್ಲ. ಮೋಲಿಯವರ ಮನೆತನಕ್ಕೂ ಇರಲಿಲ್ಲ. ಆದರೆ ಊರಿನ ಲೆಕ್ಕದಲ್ಲಿ ಇವರೆಲ್ಲ ಮೇಲಿನವರೇ.

ಜಮೀನು ಹೋಯಿತು, ಮನೆ ಉಳಿಯಿತು

ಇವರ ಮನೆಗಳಿಗೆ ಐರ್ಲೆಂಡಿನಲ್ಲಿ 'ಬಿಗ್ ಹೌಸ್' ಅನ್ನುತ್ತಾರೆ. ದೊಡ್ಡ ಕಲ್ಲಿನ ಮನೆ, ಉದ್ದನೆಯ ದಾರಿ, ಕುದುರೆ ಲಾಯ, ಗೋಡೆ ಕಟ್ಟಿದ ತರಕಾರಿ ತೋಟ, ಹತ್ತಾರು ಆಳುಗಳು. ಖರ್ಚೆಲ್ಲ ನಡೆಯುತ್ತಿದ್ದದ್ದು ಗೇಣಿದಾರರು ಕೊಡುವ ಗೇಣಿಯಿಂದ.

19ನೇ ಶತಮಾನದ ಕೊನೆಗೆ ಗೇಣಿದಾರರು ಸಂಘಟಿತರಾಗಿ ಹೋರಾಟಕ್ಕಿಳಿದರು. ಒಂದರ ಹಿಂದೊಂದು ಭೂಕಾಯ್ದೆ ಬಂದವು. 1903ರದ್ದು ಮುಖ್ಯ. ಅದರಂತೆ ಸರ್ಕಾರವೇ ಗೇಣಿದಾರರಿಗೆ ಸಾಲ ಕೊಟ್ಟಿತು, ಅವರು ಜಮೀನು ಕೊಂಡರು, ಸಾಲವನ್ನು ಕಂತುಕಂತಾಗಿ ಹಲವು ದಶಕ ತೀರಿಸುತ್ತಾ ಹೋದರು. ಮಾರಿದ ಒಡೆಯರಿಗೆ ಪೂರ್ತಿ ದುಡ್ಡು ಒಟ್ಟಿಗೆ ಸಿಕ್ಕಿತು, ಮೇಲೆ ಶೇಕಡಾ 12ರಷ್ಟು ಬೋನಸ್ಸೂ ಬಂತು.

ನಮ್ಮಲ್ಲಿ 'ಉಳುವವನೇ ಹೊಲದೊಡೆಯ' ಕಾಯ್ದೆ ಬಂದ ಮೇಲೆ ಕೆಲವು ದೊಡ್ಡ ಮನೆಗಳು ಹೇಗಾದವು ಅಂತ ನೋಡಿದವರಿಗೆ ಮುಂದಿನದು ಬೇಗ ಅರ್ಥವಾಗುತ್ತದೆ. ಕೈಗೆ ಬಂದ ದುಡ್ಡು ಎಷ್ಟು ದಿನ ಇರುತ್ತೆ? ಗೇಣಿ ನಿಂತಿತು. ಸೋರುವ ಮಾಡು, ತಿನ್ನುವ ಕುದುರೆಗಳು, ಸಂಬಳ ಕೇಳುವ ಆಳುಗಳು ಹಾಗೇ ಉಳಿದರು. ಹಳೇ ಠೀವಿ ಬಿಡೋಕೆ ಮನಸ್ಸಿಲ್ಲ. ಅಂಗಡಿಯವರ ಬಿಲ್ಲು ಕಟ್ಟೋಕೆ ಕಾಸಿಲ್ಲ. ಮೊದಲ ಮಹಾಯುದ್ಧದಲ್ಲಿ ಎಷ್ಟೋ ಮನೆಗಳ ಗಂಡುಮಕ್ಕಳು ಸತ್ತರು. ಅದರ ಬೆನ್ನಿಗೇ 1919ರಿಂದ 1921ರವರೆಗೆ ಐರ್ಲೆಂಡಿನ ಸ್ವಾತಂತ್ರ್ಯ ಯುದ್ಧ, ಆಮೇಲೆ ಅಂತರ್ಯುದ್ಧ. 1920ರಿಂದ 1923ರೊಳಗೆ ಇಂಥ ಇನ್ನೂರಕ್ಕೂ ಹೆಚ್ಚು ಮನೆಗಳಿಗೆ ಬೆಂಕಿ ಬಿತ್ತು. ಬ್ರಿಟಿಷ್ ಸೈನ್ಯ ಅಲ್ಲಿ ಬೀಡುಬಿಡಬಾರದು ಅನ್ನೋದು ಒಂದು ಕಾರಣ. ಸೈನ್ಯ ಊರವರ ಮನೆ ಸುಟ್ಟದ್ದಕ್ಕೆ ಪ್ರತೀಕಾರ ಇನ್ನೊಂದು. ಹಳೇ ಜಮೀನು ಜಗಳಗಳೂ ಸೇರಿಕೊಂಡಿದ್ದವು.

ಮೋಲಿಯವರ ಮನೆಯೂ ಆ ಪಟ್ಟಿಯಲ್ಲಿತ್ತು.

ಕುದುರೆಗಳ ನಡುವೆ ಬೆಳೆದ ಹುಡುಗಿ

ಅವರು ಹುಟ್ಟಿದ್ದು 1904ರಲ್ಲಿ, ಕಿಲ್ಡೇರ್ ಜಿಲ್ಲೆಯಲ್ಲಿ. ತವರಿನ ಹೆಸರು ಮೇರಿ ನೆಸ್ಟಾ ಸ್ಕ್ರೈನ್. ಅಪ್ಪ ವಾಲ್ಟರ್ ಸ್ಕ್ರೈನ್ ಇಂಗ್ಲೆಂಡಿನ ಸಾಮರ್ಸೆಟ್ ಕಡೆಯವರು, ಕೆನಡಾದಲ್ಲಿ ದನಗಳ ದೊಡ್ಡ ಫಾರ್ಮ್ ನಡೆಸಿ ಬಂದವರು, ಕುದುರೆ ಅಂದರೆ ಪ್ರಾಣ. ಅಮ್ಮ ಕವಿ. ಮೊಯ್ರಾ ಓನೀಲ್ ಅನ್ನೋ ಕಾವ್ಯನಾಮದಲ್ಲಿ ಆಂಟ್ರಿಮ್ ಕಣಿವೆಗಳ ಬಗ್ಗೆ ಬರೆದ ಪದ್ಯಗಳು ಆಗ ಬಹಳ ಜನಪ್ರಿಯವಾಗಿದ್ದವು. ಅಂದರೆ ಬೇರೆ ಹೆಸರಲ್ಲಿ ಬರೆಯೋದು ಆ ಮನೆಯಲ್ಲಿ ಹೊಸದೇನಲ್ಲ.

ಅಮ್ಮ ಜನರ ಜೊತೆ ಬೆರೆಯುತ್ತಿರಲಿಲ್ಲ, ಮಕ್ಕಳ ಹತ್ತಿರವೂ ಅಷ್ಟಾಗಿ ಸುಳಿಯುತ್ತಿರಲಿಲ್ಲ. ಆ ವರ್ಗದಲ್ಲಿ ಮಕ್ಕಳು ಬೆಳೆಯುತ್ತಿದ್ದದ್ದೇ ಆಯಾಗಳ ಮತ್ತು ಗವರ್ನೆಸ್‌ಗಳ ಕೈಯಲ್ಲಿ. ಗವರ್ನೆಸ್ ಅಂದರೆ ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳುವ ಹೆಂಗಸು. ಪೂರ್ತಿ ಆಳೂ ಅಲ್ಲ, ಮನೆಯವಳೂ ಅಲ್ಲ. ಮೋಲಿಯವರ ಕಾದಂಬರಿಗಳಲ್ಲಿ ಪ್ರೀತಿಗಾಗಿ ಹಂಬಲಿಸುವ ಮಕ್ಕಳು, ಮಾತಿನಲ್ಲೇ ತಣ್ಣಗೆ ಚುಚ್ಚುವ ತಾಯಂದಿರು ಮತ್ತೆ ಮತ್ತೆ ಬರುತ್ತಾರೆ. ಅದರ ಬೇರು ಇಲ್ಲಿದೆ ಅಂತ ನನಗನ್ನಿಸುತ್ತದೆ.

ಕುಟುಂಬ ಆಮೇಲೆ ವೆಕ್ಸ್‌ಫರ್ಡ್ ಜಿಲ್ಲೆಯ ಬ್ಯಾಲಿರಾಂಕಿನ್ ಅನ್ನೋ ಮನೆಗೆ ಬಂತು. 1921ರಲ್ಲಿ ಆ ಮನೆಯನ್ನು ಸುಟ್ಟರು. ಮೋಲಿಯವರಿಗೆ ಆಗ ಹದಿನಾರು ಹದಿನೇಳು. ಇಂಥ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಇಂಗ್ಲೆಂಡಿಗೆ ಹೊರಟವು. ಸ್ಕ್ರೈನ್ ಕುಟುಂಬ ಹೋಗಲಿಲ್ಲ, ಐರ್ಲೆಂಡಿನಲ್ಲೇ ಉಳಿಯಿತು.

ಹೆಸರು ಬಚ್ಚಿಟ್ಟದ್ದು ಯಾಕೆ?

ಆ ಸಮಾಜದಲ್ಲಿ ಚಳಿಗಾಲ ಬಂತೆಂದರೆ ನರಿ ಬೇಟೆ. ನೂರಾರು ಜನ ಕುದುರೆ ಏರಿ, ಬೇಟೆನಾಯಿಗಳ ಹಿಂದೆ ಬೇಲಿ ಹಳ್ಳ ಹಾರಿ ಹೋಗೋದು. ನೋಡೋಕೆ ಆಟ, ಆದರೆ ಇಡೀ ಸಮಾಜ ಕೂಡುತ್ತಿದ್ದದ್ದೇ ಅಲ್ಲಿ. ಪರಿಚಯ, ಸ್ನೇಹ, ಮದುವೆ ಮಾತುಕತೆ ಎಲ್ಲ ಅದರ ಸುತ್ತಲೇ. ಹೆಣ್ಣುಮಕ್ಕಳಿಗೆ ಇದು ಇನ್ನೂ ದೊಡ್ಡ ವಿಷಯ, ಯಾಕಂದ್ರೆ ಆಸ್ತಿ ಸಾಮಾನ್ಯವಾಗಿ ಹಿರಿಯ ಮಗನಿಗೆ ಹೋಗುತ್ತಿತ್ತು. ಹುಡುಗಿಗೆ ಓದಿಲ್ಲ, ಕೆಲಸ ಮಾಡುವ ಹಾಗಿಲ್ಲ, ಕೈಯಲ್ಲಿ ಕಾಸಿಲ್ಲ. ಒಳ್ಳೇ ಮದುವೆ ಆಗದಿದ್ದರೆ ಅಣ್ಣನ ಮನೆಯ ಮೂಲೆಯೇ ಗತಿ.

ಅಂಥ ಕಡೆ ಪುಸ್ತಕ ಓದುವ ಹುಡುಗಿಯನ್ನೇ ವಿಚಿತ್ರವಾಗಿ ನೋಡುತ್ತಿದ್ದರು. ಬರೆಯುತ್ತಾಳೆ ಅಂತ ಗೊತ್ತಾದರೆ ಮುಗೀತು. ಮರ್ಯಾದಸ್ಥರ ಮನೆಗೆ ತನ್ನನ್ನು ಸೇರಿಸುತ್ತಲೇ ಇರಲಿಲ್ಲ ಅಂತ ಮೋಲಿ ವಯಸ್ಸಾದ ಮೇಲೆ ಹೇಳಿಕೊಂಡಿದ್ದಾರೆ.

ಆದರೂ ಬರೆದರು. ಹದಿನೇಳರ ಹೊತ್ತಿಗೆ ಕಾಯಿಲೆ ಬಿದ್ದು, ಕ್ಷಯ ಇರಬಹುದು ಅನ್ನೋ ಅನುಮಾನದಲ್ಲಿ ಹಾಸಿಗೆಯಲ್ಲೇ ಇರಬೇಕಾಗಿ ಬಂದಾಗ ಮೊದಲ ಕಾದಂಬರಿ ಶುರುವಾಯಿತು. ಬಟ್ಟೆಬರೆಗೆ ಮನೆಯಲ್ಲಿ ಕೊಡುತ್ತಿದ್ದ ದುಡ್ಡು ಸಾಲುತ್ತಿರಲಿಲ್ಲ, ನಾಲ್ಕು ಕಾಸು ಬರಲಿ ಅನ್ನೋದೂ ಕಾರಣ. ಬೇಟೆ ಮುಗಿಸಿ ಕುದುರೆ ಮೇಲೆ ಮನೆಗೆ ಬರುವಾಗ ಒಂದು ಹೆಂಡದಂಗಡಿಯ ಬೋರ್ಡಿನ ಮೇಲೆ 'ಎಂ. ಜೆ. ಫ್ಯಾರೆಲ್' ಅಂತ ಕಂಡಿತಂತೆ. ಅದನ್ನೇ ಇಟ್ಟುಕೊಂಡರು. ಗಂಡಸೋ ಹೆಂಗಸೋ ಅಂತ ತಿಳಿಯದ, ಸಾಮಾನ್ಯ ಅಂಗಡಿಯವರೊಬ್ಬರ ಹೆಸರು. 1926ರಲ್ಲಿ 'ದ ನೈಟ್ ಆಫ್ ಚಿಯರ್‌ಫುಲ್ ಕೌಂಟನೆನ್ಸ್' ಮಿಲ್ಸ್ ಅಂಡ್ ಬೂನ್‌ನಿಂದ ಬಂತು. ಅಲ್ಲಿಂದ 1952ರವರೆಗೆ ಹನ್ನೊಂದು ಕಾದಂಬರಿ.

ಆರಂಭದವು ಹೆಚ್ಚಾಗಿ ಕುದುರೆ, ಬೇಟೆ, ಪ್ರೇಮದ ಕತೆಗಳು. ಬರೆಯುತ್ತಾ ಬರೆಯುತ್ತಾ ಕೈ ಬಿಗಿಯಾಯಿತು. 1934ರ 'ಡಿವೋಟೆಡ್ ಲೇಡೀಸ್' ಇಬ್ಬರು ಹೆಂಗಸರ ಸಂಬಂಧದ ಕತೆ. ಆ ಕಾಲಕ್ಕೆ ಇದನ್ನು ಮುಟ್ಟೋಕೆ ಗಟ್ಟಿ ಗುಂಡಿಗೆ ಬೇಕಿತ್ತು.

ನಾಟಕ, ಮದುವೆ, ಮೌನ

ಟಿಪ್ಪರೇರಿ ಜಿಲ್ಲೆಯ ವುಡ್‌ರೂಫ್ ಅನ್ನೋ ಮನೆಯಲ್ಲಿ ಪೆರ್ರಿ ಕುಟುಂಬ ಇತ್ತು. ಮೋಲಿ ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಆ ಮನೆಯ ಮಗ ಜಾನ್ ಪೆರ್ರಿಗೆ ನಾಟಕದ ಹುಚ್ಚು. ಇಬ್ಬರೂ ಸೇರಿ ಬರೆದ 'ಸ್ಪ್ರಿಂಗ್ ಮೀಟಿಂಗ್' 1938ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂತು. ನಿರ್ದೇಶನ ಜಾನ್ ಗೀಲ್‌ಗುಡ್ ಅವರದು. ನಾಟಕ ಚೆನ್ನಾಗಿ ಓಡಿತು.

ಅದೇ ವರ್ಷ ಬಾಬಿ ಕೀನ್ ಜೊತೆ ಮದುವೆ. ವಾಟರ್‌ಫರ್ಡ್ ಜಿಲ್ಲೆಯ ಕ್ಯಾಪಕ್ವಿನ್ ಹತ್ತಿರ ಸಂಸಾರ, ಇಬ್ಬರು ಹೆಣ್ಣುಮಕ್ಕಳು. 1946ರಲ್ಲಿ ಬಾಬಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯ ನಂತರ ಇದ್ದಕ್ಕಿದ್ದಂತೆ ತೀರಿಕೊಂಡರು. ವಯಸ್ಸು ಮೂವತ್ತಾರು. ಚಿಕ್ಕ ಮಗಳಿಗೆ ಆಗಿನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ಈ ಪೆಟ್ಟಿನಿಂದ ಮೋಲಿ ಪೂರ್ತಿಯಾಗಿ ಹೊರಗೆ ಬರಲೇ ಇಲ್ಲ ಅನ್ನುವುದು ಅವರ ಬದುಕನ್ನು ಓದಿದವರಿಗೆಲ್ಲ ಕಾಣುತ್ತದೆ. ಮನೆ ನಡೆಯಬೇಕಲ್ಲ, ಇನ್ನೂ ಕೆಲವು ವರ್ಷ ಬರೆದರು. ಕೊನೆಗೆ ದೊಡ್ಡ ಮನೆ ಬಿಟ್ಟು ಆರ್ಡ್‌ಮೋರ್ ಅನ್ನೋ ಕಡಲತೀರದ ಊರಿಗೆ ಬಂದು ಸಣ್ಣ ಮನೆ ಮಾಡಿದರು.

1961ರಲ್ಲಿ ಬಂದ ನಾಟಕ 'ಡ್ಯಾಜ್ಲಿಂಗ್ ಪ್ರಾಸ್ಪೆಕ್ಟ್' ಮಕಾಡೆ ಮಲಗಿತು. ಲಂಡನ್ ರಂಗಭೂಮಿ ಅಷ್ಟೊತ್ತಿಗೆ ಬದಲಾಗಿತ್ತು. ಕೂಲಿಕಾರರ, ಬಡ ಮಧ್ಯಮ ವರ್ಗದವರ ಸಿಟ್ಟಿನ ನಾಟಕಗಳ ಕಾಲ ಅದು. ಜಮೀನುದಾರರ ಮನೆಯ ನಗೆನಾಟಕ ಯಾರಿಗೂ ಬೇಡವಾಗಿತ್ತು. ವಿಮರ್ಶಕರು ಕಟುವಾಗಿ ಬರೆದರು. ಅದಾದ ಮೇಲೆ ಇಪ್ಪತ್ತು ವರ್ಷ ಮೋಲಿ ಏನನ್ನೂ ಪ್ರಕಟಿಸಲಿಲ್ಲ. ಕಾದಂಬರಿಯ ಲೆಕ್ಕ ಹಿಡಿದರೆ ಸುಮಾರು ಮೂವತ್ತು ವರ್ಷ.

'ಗುಡ್ ಬಿಹೇವಿಯರ್' ಹೊರಗೆ ಬಂದದ್ದು ಹೇಗೆ?

ಎಪ್ಪತ್ತರ ಹರೆಯದಲ್ಲಿ ಸದ್ದಿಲ್ಲದೆ ಒಂದು ಕಾದಂಬರಿ ಬರೆದಿಟ್ಟರು. ಹಿಂದೆ ಪುಸ್ತಕ ಮಾಡಿದ್ದ ಪ್ರಕಾಶಕರಿಗೆ ಕಳಿಸಿದರೆ, ತೀರಾ ಕರಾಳವಾಯಿತು, ಒಂದಾದರೂ ಒಳ್ಳೇ ಪಾತ್ರ ಇರಲಿ ಅಂದರು. ಮೋಲಿ ಒಂದಕ್ಷರ ಬದಲಿಸಲು ಒಪ್ಪಲಿಲ್ಲ. ಹಸ್ತಪ್ರತಿ ಮೇಜಿನ ಡ್ರಾ ಸೇರಿತು.

ಅಲ್ಲೇ ಇರುತ್ತಿತ್ತೋ ಏನೋ. ನಟಿ ಪೆಗ್ಗಿ ಆಶ್‌ಕ್ರಾಫ್ಟ್ ಇವರ ಗೆಳತಿ. ಆರ್ಡ್‌ಮೋರಿಗೆ ಬಂದಿದ್ದಾಗ ಜ್ವರ ಬಂದು ಮಲಗಿದರು, ಓದೋಕೆ ಏನಾದರೂ ಕೊಡು ಅಂದರು. ಮೋಲಿ ಆ ಹಸ್ತಪ್ರತಿ ಕೊಟ್ಟರು. ಓದಿ ಮುಗಿಸಿದ ಪೆಗ್ಗಿ, ಇದನ್ನು ಪ್ರಕಟಿಸಲೇಬೇಕು ಅಂತ ಹಟ ಹಿಡಿದರು. ಅದು ಆಂಡ್ರೆ ಡಾಯ್ಚ್ ಸಂಸ್ಥೆಗೆ ಹೋಯಿತು, ಸಂಪಾದಕಿ ಡಯಾನಾ ಆಥಿಲ್ ಕೂಡಲೇ ಹಿಡಿದುಕೊಂಡರು. 1981ರಲ್ಲಿ ಪುಸ್ತಕ ಬಂತು. ಈ ಸಲ ರಟ್ಟಿನ ಮೇಲೆ ಫ್ಯಾರೆಲ್ ಇರಲಿಲ್ಲ. ಮೋಲಿ ಕೀನ್ ಅಂತಲೇ ಇತ್ತು.

ಕತೆಯೊಳಗೆ ಏನಿದೆ?

ಮೊದಲ ಅಧ್ಯಾಯ ನೋಡಿ. ಐವತ್ತು ದಾಟಿದ ಅರೂನ್ ತನ್ನ ಕಾಯಿಲೆಯ ಅಮ್ಮನಿಗೆ ಮಧ್ಯಾಹ್ನದ ಊಟ ಮಾಡಿದ್ದಾಳೆ. ಮೊಲದ ಮಾಂಸವನ್ನು ನುಣ್ಣಗೆ ಅರೆದು, ಕೆನೆ ಹಾಕಿ, ಹದವಾಗಿ ಬೇಯಿಸಿದ್ದು. ಟ್ರೇ ಚೆಂದಾಗಿ ಜೋಡಿಸಿದ್ದಾಳೆ. ಅಮ್ಮನಿಗೆ ಮೊಲ ಕಂಡರೆ ಆಗದು ಅಂತ ಕೆಲಸದ ರೋಸ್ ಹೇಳುತ್ತಾಳೆ. ಕೋಳಿ ಅಂತಲೇ ಅಂದುಕೊಳ್ಳುತ್ತಾಳೆ ಬಿಡು ಅನ್ನುವ ಧೈರ್ಯ ಅರೂನ್‌ಗೆ. ಅಮ್ಮನಿಗೆ ವಾಸನೆ ತಿಳಿಯುತ್ತದೆ, ವಾಂತಿಯಾಗುತ್ತದೆ, ಅಲ್ಲೇ ಸಾಯುತ್ತಾಳೆ. ರೋಸ್ ಕೂಗಾಡುತ್ತಾಳೆ: ನೀನೇ ಕೊಂದೆ. ಅರೂನ್ ಮಾತ್ರ, ಆ ಊಟ ಬಿಸಿಯಾಗಿ ಇಡು, ನಾನು ತಿನ್ನುತ್ತೇನೆ ಅನ್ನುತ್ತಾಳೆ. ತಾನು ಬದುಕಿಡೀ ಮಾಡಿದ್ದೆಲ್ಲ ಬೇರೆಯವರ ಒಳ್ಳೇದಕ್ಕೇ ಅನ್ನೋದು ಅವಳ ನಂಬಿಕೆ.

ಅಲ್ಲಿಂದ ಕತೆ ಹಿಂದಕ್ಕೆ, ಅವಳ ಬಾಲ್ಯಕ್ಕೆ, ಟೆಂಪಲ್ ಆಲಿಸ್ ಅನ್ನೋ ದೊಡ್ಡ ಮನೆಗೆ ಹೋಗುತ್ತದೆ. ಅರೂನ್ ಎತ್ತರದ, ದಪ್ಪ ಮೈಕಟ್ಟಿನ ಹುಡುಗಿ. ಚೆಲುವೆಯಾದ ಅಮ್ಮನಿಗೆ ಅವಳನ್ನು ಕಂಡರೆ ಅಸಡ್ಡೆ. ಅಪ್ಪ ಯುದ್ಧದಲ್ಲಿ ಕಾಲು ಕಳೆದುಕೊಂಡ ಮೇಜರ್, ಹೆಂಗಸರ ಚಪಲದವನು. ತಮ್ಮ ಹ್ಯೂಬರ್ಟ್, ತಮ್ಮನ ಗೆಳೆಯ ರಿಚರ್ಡ್. ಒಂದು ಬೇಸಿಗೆ ಮೂವರೂ ಜೊತೆಗಿರುತ್ತಾರೆ. ಒಂದು ರಾತ್ರಿ ರಿಚರ್ಡ್ ಬಂದು ಅರೂನ್ ಹಾಸಿಗೆಯಲ್ಲಿ ಸ್ವಲ್ಪ ಹೊತ್ತು ಮಲಗಿ ಎದ್ದು ಹೋಗುತ್ತಾನೆ. ಏನೂ ನಡೆಯೋದಿಲ್ಲ. ಅವನು ತನ್ನನ್ನು ಪ್ರೀತಿಸುತ್ತಾನೆ ಅಂತ ಅರೂನ್ ಮುಂದಿನ ಬದುಕೆಲ್ಲ ಆ ನೆನಪಿನಲ್ಲೇ ಬೆಚ್ಚಗಿರುತ್ತಾಳೆ.

ಓದುವ ನಮಗೆ ಆಗಲೇ ಗೊತ್ತಾಗಿರುತ್ತದೆ. ಪ್ರೀತಿ ಇರೋದು ರಿಚರ್ಡ್ ಮತ್ತು ಹ್ಯೂಬರ್ಟ್ ನಡುವೆ. ಅಪ್ಪನಿಗೆ ಅನುಮಾನ ಬರಬಾರದು ಅಂತ ಹುಡುಗರು ಅರೂನ್‌ಳನ್ನು ಮರೆಯಾಗಿ ಬಳಸಿಕೊಂಡಿದ್ದಾರೆ. ಇದನ್ನು ಪುಸ್ತಕದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುತ್ತಿರುವವಳು ಅರೂನ್ ಒಬ್ಬಳೇ, ಅವಳಿಗೇ ಗೊತ್ತಿಲ್ಲ.

ಹೇಳುವವಳಿಗಿಂತ ಓದುವವರಿಗೆ ಜಾಸ್ತಿ ಗೊತ್ತಾಗೋದು ಹೇಗೆ?

ಸಾಮಾನ್ಯವಾಗಿ ಕತೆ ಹೇಳುವವರು ಹೇಳಿದ್ದನ್ನು ನಾವು ನಂಬಿಕೊಂಡು ಹೋಗುತ್ತೇವೆ. ಇಲ್ಲಿ ಹಾಗಾಗುವುದಿಲ್ಲ. ಅರೂನ್ ಸುಳ್ಳು ಹೇಳುತ್ತಿಲ್ಲ, ಕಂಡದ್ದನ್ನು ಚಾಚೂತಪ್ಪದೆ ಹೇಳುತ್ತಾಳೆ: ಯಾರು ಯಾರ ಕಡೆ ನೋಡಿದರು, ಯಾವ ಮಾತಿಗೆ ಕೋಣೆಯಲ್ಲಿ ಎಲ್ಲರೂ ಸುಮ್ಮನಾದರು, ರೋಸ್ ಕೈ ಅಪ್ಪನ ಹೊದಿಕೆಯ ಒಳಗೆ ಯಾಕಿತ್ತು. ಅದರ ಅರ್ಥ ಮಾತ್ರ ಅವಳಿಗೆ ಹೊಳೆಯುವುದಿಲ್ಲ, ಇಲ್ಲಾ ಹೊಳೆಯೋಕೆ ಬಿಡುವುದಿಲ್ಲ. ಯಾಕಂದ್ರೆ ಆ ಮನೆಯ ನಿಯಮವೇ ಅದು. ನೋವು, ದುಡ್ಡು, ಕಾಮ, ಸಾವು, ಇವುಗಳ ಬಗ್ಗೆ ಮಾತಾಡಬಾರದು. ಹ್ಯೂಬರ್ಟ್ ಕಾರು ಅಪಘಾತದಲ್ಲಿ ಸತ್ತಾಗ ಅಪ್ಪ ಅಮ್ಮ ಇಬ್ಬರೂ ಒಂದು ಹನಿ ಕಣ್ಣೀರು ತೋರಿಸದೆ ದಿನ ದೂಡುತ್ತಾರೆ. ಅತ್ತರೆ ಅದು ಕೀಳು. ಪುಸ್ತಕದ ಹೆಸರು ಸೂಚಿಸುವ ನಡತೆ ಇದೇ.

ಮೋಲಿ ಈ ನಿಯಮವನ್ನು ಹೊರಗೆ ನಿಂತು ಬೈಯುವುದಿಲ್ಲ. ಅದರೊಳಗೇ ಬೆಳೆದ ಒಬ್ಬಳ ಬಾಯಲ್ಲಿ ಕತೆ ಹೇಳಿಸುತ್ತಾರೆ. ಹಾಗಾಗಿ ಓದುವವರು ನಗುತ್ತಾರೆ, ನಕ್ಕ ಮರುಕ್ಷಣ ಅವಳ ಒಂಟಿತನ ಕಂಡು ಹೊಟ್ಟೆ ಹಿಂಡುತ್ತದೆ. ಅಂಗಡಿಯವರ ಬಿಲ್ಲುಗಳನ್ನು ಕಟ್ಟದೆ ಬದಿಗೆ ಸರಿಸುವ ಅಮ್ಮ ಊಟ, ಬೆಂಕಿ, ಸೌದೆಯಲ್ಲಿ ಕಡಿತ ಮಾಡುತ್ತಾಳೆ. ವಕೀಲ ಕೀಲಿ ಅರೂನ್‌ಳನ್ನು ನಿಜವಾಗಿ ಇಷ್ಟಪಡುತ್ತಾನೆ. ಅವನು ತಮಗಿಂತ ಕೆಳಗಿನವನು ಅನ್ನುವ ಒಂದೇ ಕಾರಣಕ್ಕೆ ಅವಳು ಅವನನ್ನು ದೂರ ತಳ್ಳುತ್ತಾಳೆ. ನನಗೆ ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ಸಂಕಟ ಕೊಟ್ಟದ್ದು ಆ ಪ್ರಸಂಗ. ತನ್ನನ್ನು ಕುಗ್ಗಿಸಿದ ಮೇಲುಕೀಳಿನ ಲೆಕ್ಕವನ್ನೇ ಅವಳು ಇನ್ನೊಬ್ಬನ ಮೇಲೆ ಪ್ರಯೋಗಿಸುತ್ತಾಳೆ.

ಊರಿನ ಐರಿಷ್ ಜನ ಈ ಕತೆಗಳಲ್ಲಿ ಎಲ್ಲಿದ್ದಾರೆ?

ಈ ಪ್ರಶ್ನೆಯನ್ನು ಐರ್ಲೆಂಡಿನ ಓದುಗರೂ ಕೇಳಿದ್ದಾರೆ, ಕೇಳಬೇಕಾದದ್ದೇ. ಮೋಲಿಯವರ ಕ್ಯಾಥೊಲಿಕ್ ಪಾತ್ರಗಳು ಹೆಚ್ಚಾಗಿ ಅಡುಗೆಯವರು, ಲಾಯದವರು, ಆಯಾಗಳು. ಮುಂಚಿನ ಪುಸ್ತಕಗಳಲ್ಲಿ ಅವರು ನಗಿಸಲಿಕ್ಕೆಂದೇ ಬರುವುದೂ ಉಂಟು. ಆದರೆ 1941ರ 'ಟೂ ಡೇಸ್ ಇನ್ ಅರಗಾನ್' ಬೇರೆ ದಾರಿ ಹಿಡಿಯುತ್ತದೆ. ಸ್ವಾತಂತ್ರ್ಯ ಯುದ್ಧದ ಕಾಲ. ಮನೆಯ ಉಸ್ತುವಾರಿ ನ್ಯಾನ್ ಕೈಯಲ್ಲಿದೆ. ಅವಳು ಆ ಮನೆಯ ಒಡೆಯನೊಬ್ಬನಿಗೇ ಮದುವೆಯಾಚೆ ಹುಟ್ಟಿದವಳು. ಒಡೆಯರು ಮನೆಯ ಕೆಲಸದ ಹೆಣ್ಣುಗಳ ಮೇಲೆ ತಲೆಮಾರುಗಳಿಂದ ಮಾಡಿದ ಹಿಂಸೆಯ ಗುರುತುಗಳು ಗೋಡೆಯೊಳಗೇ ಉಳಿದಿವೆ. ಕೊನೆಗೆ ಆ ಮನೆ ಸುಡುತ್ತದೆ. ಸ್ವಂತ ಮನೆ ಸುಟ್ಟು ಇಪ್ಪತ್ತು ವರ್ಷವಾದ ಮೇಲೆ, ಅದರ ಹಿಂದಿನ ಸಿಟ್ಟಿಗೆ ಕಾರಣವಿತ್ತು ಅನ್ನೋದನ್ನು ಆಕೆ ಕಾದಂಬರಿಯಲ್ಲಿ ಒಪ್ಪಿಕೊಂಡರು. ಇದು ಸಣ್ಣ ಮಾತಲ್ಲ.

ಎಲ್ಲಿಂದ ಓದಲು ಶುರು ಮಾಡಬೇಕು?

ಬುಕರ್ ಪಟ್ಟಿ ಮೋಲಿಯವರ ಹಳೇ ಪುಸ್ತಕಗಳನ್ನೂ ಎಬ್ಬಿಸಿತು. ಫ್ಯಾರೆಲ್ ಹೆಸರಿನ ಕಾದಂಬರಿಗಳನ್ನು ಹೆಂಗಸರ ಬರವಣಿಗೆಗೆ ಮೀಸಲಾದ ವಿರಾಗೊ ಸಂಸ್ಥೆ ಮತ್ತೆ ಅಚ್ಚು ಹಾಕಿತು. 1983ರಲ್ಲಿ 'ಟೈಮ್ ಆಫ್ಟರ್ ಟೈಮ್' ಬಂತು. ಹಾಳುಬಿದ್ದ ಮನೆಯಲ್ಲಿ ಒಟ್ಟಿಗೆ ಕಾಲ ತಳ್ಳುವ ನಾಲ್ವರು ಮುದಿ ಒಡಹುಟ್ಟಿದವರ ಕತೆ. ಅದರ ಟಿವಿ ರೂಪದಲ್ಲಿ ನಟಿಸಿದವರು, 1938ರಲ್ಲಿ ಅವರ ನಾಟಕ ನಿರ್ದೇಶಿಸಿದ್ದ ಅದೇ ಗೀಲ್‌ಗುಡ್. 1988ರಲ್ಲಿ 'ಲವಿಂಗ್ ಅಂಡ್ ಗಿವಿಂಗ್'. ಅದರ ನಾಯಕಿಗೆ ಅಪ್ಪ ಇಟ್ಟದ್ದು ತನ್ನ ಕುದುರೆಯ ಹೆಸರು. 1996ರಲ್ಲಿ ಮೋಲಿ ಆರ್ಡ್‌ಮೋರಿನಲ್ಲೇ ತೀರಿಕೊಂಡರು. ಹಿರಿಯ ಮಗಳು ಸ್ಯಾಲಿ ಫಿಪ್ಸ್ ಅಮ್ಮನ ಜೀವನಚರಿತ್ರೆ ಬರೆದಿದ್ದಾರೆ, 2017ರಲ್ಲಿ ಬಂತು.

ಮೊದಲು 'ಗುಡ್ ಬಿಹೇವಿಯರ್' ಓದಿ. ಮುನ್ನುಡಿ ಇದ್ದರೆ ಅದನ್ನು ಕೊನೆಗಿಟ್ಟುಕೊಳ್ಳಿ, ಕತೆಯ ಗುಟ್ಟುಗಳು ಅಲ್ಲೇ ಬಯಲಾಗಿರುತ್ತವೆ. ಇಂಗ್ಲಿಷ್ ಕಷ್ಟವೇನಿಲ್ಲ, ಬೇಟೆಯ ಮತ್ತು ಅಡುಗೆಯ ಕೆಲವು ಪದ ಎಡವಬಹುದು, ಬಿಟ್ಟು ಮುಂದೆ ಹೋದರೂ ನಡೆಯುತ್ತದೆ. ಮುಗಿದ ಮೇಲೆ ಮೊದಲ ಅಧ್ಯಾಯಕ್ಕೆ ವಾಪಸ್ ಬಂದು ಆ ಮೊಲದ ಊಟದ ಪ್ರಸಂಗವನ್ನು ಇನ್ನೊಮ್ಮೆ ಓದಿ. ಅಪ್ಪ ಉಯಿಲಿನಲ್ಲಿ ಆಸ್ತಿಯನ್ನು ಯಾರಿಗೆ ಬರೆದಿದ್ದ ಅಂತ ಅಷ್ಟೊತ್ತಿಗೆ ನಿಮಗೆ ತಿಳಿದಿರುತ್ತದೆ, ಅರೂನ್ ಆ ಟ್ರೇಯನ್ನು ಅಷ್ಟು ಕಾಳಜಿಯಿಂದ ಜೋಡಿಸಿದ್ದು ಯಾಕಿರಬಹುದು ಅನ್ನೋದನ್ನು ನೀವೇ ತೀರ್ಮಾನಿಸಬಹುದು.